ಯೊಪ್ಪದ ಸಮುದ್ರ ತೀರದಲ್ಲಿ ಒಂದು ಊಟದ ಮೇಜು

  ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ.

ನಿಮ್ಮ ಬೈಬಲ್ ತೆಗೆಯಿರಿ. ಫೋನಿನಲ್ಲಿ ಓದುವವರು ಫೋನ್ ತೆಗೆಯಿರಿ, ಆದರೆ ನೋಟಿಫಿಕೇಶನ್ ಆಫ್ ಮಾಡಿ. ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ, 11ನೇ ಅಧ್ಯಾಯದ ಮೊದಲ 18 ವಚನಗಳು. ಮನೆಗೆ ಹೋದ ಮೇಲೆ ಪೂರ್ತಿ ಓದಿ. ಈಗ ನಾನು ನನ್ನ ಮಾತಿನಲ್ಲಿ ಹೇಳ್ತೀನಿ. ಇವತ್ತು ಒಂದು ಊಟದ ವಿಷಯ ಮಾತಾಡಬೇಕು. ಅದು ನನ್ನ ತಪ್ಪಿನ ವಿಷಯವೂ ಹೌದು.

2018ರಲ್ಲಿ ನಾವು 32 ಜನ ಬೆಂಗಳೂರಿನಿಂದ ಇಸ್ರೇಲಿಗೆ ಹೋಗಿದ್ದೆವು. ಐದನೇ ದಿನ ಸಂಜೆ ಯೊಪ್ಪಕ್ಕೆ ಬಂದೆವು. ಈಗ ಅದನ್ನು ಜಾಫ್ಫಾ ಅಂತಾರೆ, 1950ರಿಂದ ಟೆಲ್ ಅವೀವ್ ಜೊತೆ ಸೇರಿರೋ ಊರು. ಬೈಬಲಿನ ಕಾಲದ ಬಂದರು ಇವತ್ತಿಗೂ ಇದೆ. ಸೊಲೊಮೋನನ ದೇವಾಲಯಕ್ಕೆ ಲೆಬನೋನಿನ ಮರ ಸಮುದ್ರದ ಮೇಲೆ ತೇಲಿಕೊಂಡು ಬಂದಿಳಿದದ್ದು ಯೊಪ್ಪಕ್ಕೆ. ಯೋನನು ದೇವರ ಮಾತಿಗೆ ಬೆನ್ನು ತೋರಿಸಿ ತಾರ್ಷೀಷಿಗೆ ಟಿಕೆಟ್ ತೆಗೆದುಕೊಂಡದ್ದೂ ಇದೇ ಬಂದರಿನಲ್ಲಿ. ಬಂದರಿನ ಮೇಲಿನ ಓಣಿಯಲ್ಲಿ, ದೀಪಸ್ತಂಭದ ಹತ್ತಿರ ಒಂದು ಹಳೇ ಕಲ್ಲಿನ ಮನೆ. ಚಮ್ಮಾರನಾದ ಸೀಮೋನನ ಮನೆ ಇದೇ ಅಂತ ಸಂಪ್ರದಾಯ ಹೇಳುತ್ತದೆ. ಬಾಗಿಲು ಮುಚ್ಚಿತ್ತು. ಹೊರಗಿನಿಂದಲೇ ನೋಡಿ, ಫೋಟೋ ತೆಗೆದು, ಮೆಟ್ಟಿಲು ಇಳಿದು ಊಟಕ್ಕೆ ಹೋದೆವು.

ನೀರಿನ ಪಕ್ಕದಲ್ಲೇ ಒಂದು ಮೀನಿನ ಹೋಟೆಲ್. ನಮ್ಮ ಕಾಲಿನಿಂದ ಹತ್ತು ಹೆಜ್ಜೆಗೆ ದೋಣಿಗಳು ಕಟ್ಟಿವೆ, ಬಲೆ ಒಣಗಿಸಿದ್ದಾರೆ, ಪಶ್ಚಿಮದಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಸೂರ್ಯ ಇಳಿತಾ ಇದ್ದಾನೆ. ನಾವು ಏನೂ ಕೇಳೋ ಮೊದಲೇ ಚಿಕ್ಕ ಚಿಕ್ಕ ತಟ್ಟೆಗಳು ಬಂದವು. ಹಮ್ಮಸ್, ಎಳ್ಳಿನ ತಹೀನಿ, ಸುಟ್ಟ ಬದನೆಕಾಯಿ, ಬೀಟ್‌ರೂಟ್, ಎಲೆಕೋಸು, ಆಲಿವ್, ಉಪ್ಪಿನಲ್ಲಿಟ್ಟ ಸೌತೆ, ಬಿಸಿ ಬಿಸಿ ಪಿಟಾ ರೊಟ್ಟಿ. ಮೇಜಿನ ಮೇಲೆ ಕೈ ಇಡೋಕೆ ಜಾಗ ಇಲ್ಲ. ಇದೇ ಊಟ ಅಂದುಕೊಂಡು ನಮ್ಮವರು ಹೊಟ್ಟೆ ತುಂಬಿಸಿಕೊಂಡುಬಿಟ್ಟರು! ಆಮೇಲೆ ಬಂತು ನೋಡಿ ಮೀನು. ತಲೆ, ಬಾಲ ಸಮೇತ ಕೆಂಡದ ಮೇಲೆ ಸುಟ್ಟ ಇಡೀ ಮೀನು, ಮೇಲೆ ಉಪ್ಪು, ನಿಂಬೆ, ಆಲಿವ್ ಎಣ್ಣೆ, ಅಷ್ಟೇ. ಇನ್ನೊಂದು ತಟ್ಟೆಯಲ್ಲಿ ಸಿಗಡಿ, ಕರಿದ ಬೊಂಡಾಸ್. ಮಂಗಳೂರಿನ ಒಬ್ಬ ಅಕ್ಕ ಸಿಗಡಿ ಬಾಯಿಗೆ ಹಾಕಿಕೊಂಡು, "ಪಾಸ್ಟ್ರೇ, ಒಳ್ಳೇ ಯೆಟ್ಟಿ, ಆದ್ರೆ ಮಸಾಲೆ ಹಾಕೋಕೆ ಮರೆತಿದ್ದಾರೆ" ಅಂತ ಬ್ಯಾಗಿನಿಂದ ಉಪ್ಪಿನಕಾಯಿ ಪೊಟ್ಟಣ ತೆಗೆದರು. ಎಲ್ಲರೂ ನಕ್ಕೆವು.

ನಮ್ಮ ಗೈಡ್ ಯೆಹೂದ್ಯರು. ಅವರು ಸಿಗಡಿ ತಟ್ಟೆಯನ್ನು ಮುಟ್ಟದೆ ಮೆಲ್ಲಗೆ ನಮ್ಮ ಕಡೆ ಸರಿಸಿದರು. ನಾನು ಕೇಳಿದೆ, "ನೀವು ಅಷ್ಟೊಂದು ಕಟ್ಟುನಿಟ್ಟಾ?" ಅವರು ಹೇಳಿದರು, "ಅಷ್ಟೇನಿಲ್ಲ. ಆದರೆ ಚಿಕ್ಕಂದಿನಿಂದ ತಿಂದಿಲ್ಲ. ನಾಲಿಗೆ ಒಪ್ಪಲ್ಲ."

ಆ ಮಾತನ್ನು ಹಿಡಿದುಕೊಳ್ಳಿ. ನಾಲಿಗೆ ಒಪ್ಪಲ್ಲ.

ಯಾಜಕಕಾಂಡ 11ನೇ ಅಧ್ಯಾಯದಲ್ಲಿ ನಿಯಮ ಇದೆ. ನೀರಿನಲ್ಲಿರೋದರಲ್ಲಿ ರೆಕ್ಕೆ, ಪೊರೆ ಎರಡೂ ಇದ್ದರೆ ತಿನ್ನಬಹುದು, ಇಲ್ಲದಿದ್ದರೆ ಮುಟ್ಟಬಾರದು. ಸಿಗಡಿಗೆ ಇಲ್ಲ, ಬೊಂಡಾಸಿಗೆ ಇಲ್ಲ, ಏಡಿಗೆ ಇಲ್ಲ. ಅದೇ ಅಧ್ಯಾಯದಲ್ಲಿ ಪ್ರಾಣಿ, ಪಕ್ಷಿ, ಹರಿದಾಡುವ ಜಂತುಗಳ ಪಟ್ಟಿಯೂ ಇದೆ. ಇದನ್ನು ನೋಡಿ ನಗಬೇಡಿ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಅಂತಿಯೋಕ ಎಂಬ ಅರಸನು ಯೆಹೂದ್ಯರಿಗೆ ಬಲವಂತವಾಗಿ ಅಶುದ್ಧ ಮಾಂಸ ತಿನ್ನಿಸೋಕೆ ನೋಡಿದಾಗ, ತಿನ್ನುವುದಕ್ಕಿಂತ ಸಾಯೋದೇ ಮೇಲು ಅಂತ ಪ್ರಾಣ ಕೊಟ್ಟವರಿದ್ದಾರೆ. ಪೇತ್ರನಿಗೆ ಊಟದ ನಿಯಮ ಅಹಂಕಾರ ಆಗಿರಲಿಲ್ಲ, ಅದು ವಿಧೇಯತೆ ಆಗಿತ್ತು. ತಾಯಿ ಕೈತುತ್ತಿನ ಜೊತೆ ಬಂದದ್ದು.

ಈಗ ಆ ಮನೆಯ ಮಾಳಿಗೆಗೆ ಬನ್ನಿ. ಮಧ್ಯಾಹ್ನ. ಕೆಳಗೆ ಅಡುಗೆ ಆಗ್ತಿದೆ. ಪೇತ್ರನಿಗೆ ಹಸಿವು. ಪ್ರಾರ್ಥನೆಗೆ ಕೂತವನಿಗೆ ದರ್ಶನ ಆಯಿತು. ಆಕಾಶದಿಂದ ನಾಲ್ಕು ಮೂಲೆ ಹಿಡಿದು ಇಳಿಸಿದ ದೊಡ್ಡ ದುಪ್ಪಟಿ. ಅದರಲ್ಲಿ ಎಲ್ಲಾ ಬಗೆಯ ಪ್ರಾಣಿ, ಹರಿದಾಡೋದು, ಹಾರಾಡೋದು. ಎದ್ದು ಕೊಯ್ದು ತಿನ್ನು ಅಂತ ಶಬ್ದ ಬಂತು. ಪೇತ್ರ, ಬೇಡವೇ ಬೇಡ ಕರ್ತನೇ, ನಾನು ಇಂಥದ್ದನ್ನು ಎಂದೂ ತಿಂದವನಲ್ಲ ಅಂತ ಹೇಳಿದ. ನಾಲಿಗೆ ಒಪ್ಪಲ್ಲ! ಮೂರು ಸಾರಿ ಇದೇ ಆಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಪೇತ್ರ ಆ ಊರಿಗೆ ಯಾಕೆ ಬಂದಿದ್ದ? 9ನೇ ಅಧ್ಯಾಯ ನೋಡಿ. ತಬಿಥಾ ಎಂಬ ಸಹೋದರಿ ತೀರಿಹೋಗಿದ್ದಳು. ಪೇತ್ರ ಮೊಣಕಾಲೂರಿ ಪ್ರಾರ್ಥಿಸಿದ, ಸತ್ತವಳು ಎದ್ದು ಕೂತಳು. ಇದೇ ಯೊಪ್ಪದಲ್ಲಿ! ಸತ್ತವರನ್ನು ಎಬ್ಬಿಸೋ ಅಭಿಷೇಕ ಇದ್ದವನ ಒಳಗೂ ಒಂದು ಗೋಡೆ ಉಳಿದಿತ್ತು. ಪಂಚಾಶತ್ತಮದ ದಿನ ಎಲ್ಲಾ ಮನುಷ್ಯರ ಮೇಲೂ ಆತ್ಮ ಸುರಿಯುತ್ತದೆ ಅಂತ ಸಾರಿದವನೂ ಇವನೇ. ಬಾಯಿ ಸಾರಿತ್ತು, ಹೊಟ್ಟೆಗೆ ಇನ್ನೂ ಇಳಿದಿರಲಿಲ್ಲ. ಅಭಿಷೇಕ ಇದೆ ಅಂದ ಮಾತ್ರಕ್ಕೆ ಗೋಡೆ ಇಲ್ಲ ಅಂತ ಅಲ್ಲ, ತಮ್ಮ ತಂಗಿಯರೇ. ಇದನ್ನು ನನಗೆ ನಾನೇ ಹೇಳಿಕೊಳ್ತಾ ಇದ್ದೀನಿ.

ಇನ್ನೊಂದು. ಅವನು ಉಳಿದುಕೊಂಡಿದ್ದು ಯಾರ ಮನೆಯಲ್ಲಿ? ಚರ್ಮ ಹದ ಮಾಡುವವನ ಮನೆಯಲ್ಲಿ. ಸತ್ತ ಪ್ರಾಣಿಯನ್ನು ಮುಟ್ಟುವ ಕೆಲಸ, ವಾಸನೆಯ ಕೆಲಸ. ಚರ್ಮ ಹದ ಮಾಡೋ ಜಾಗ ಊರಿನಿಂದ ಕನಿಷ್ಠ 50 ಮೊಳ ದೂರ ಇರಬೇಕು ಅಂತ ಯೆಹೂದ್ಯರ ಮಿಷ್ನಾದಲ್ಲಿ ನಿಯಮ ಇದೆ. ಅಂಥ ಮನೆಯಲ್ಲಿ ಪೇತ್ರ ಮಲಗಿದ್ದ, ಉಂಡಿದ್ದ. ಅಂದರೆ ಒಂದು ಗೋಡೆಯನ್ನು ಆಗಲೇ ದಾಟಿದ್ದ. ನಾವು ಮಾಡೋ ತಪ್ಪು ಇಲ್ಲೇ. ಒಂದು ಗೋಡೆ ದಾಟಿದ ಕೂಡಲೇ, ನನಗೆ ಯಾವ ಭೇದಭಾವವೂ ಇಲ್ಲ ಪಾಸ್ಟ್ರೇ ಅಂತ ಅಲ್ಲೇ ಕೂತುಬಿಡ್ತೀವಿ. ಕರ್ತನು ಮುಂದಿನ ಗೋಡೆ ತೋರಿಸುತ್ತಾನೆ.

ಈಗ ನನ್ನ ವಿಷಯಕ್ಕೆ ಬರ್ತೀನಿ.

ಐದು ದಿನದಿಂದ ನಮ್ಮ ಬಸ್ ಓಡಿಸ್ತಿದ್ದವರು ಒಬ್ಬ ಅರಬ್ ಅಣ್ಣ, ಮುಸ್ಲಿಂ. ಐದು ದಿನ ಆ ಬಸ್ಸಿನಲ್ಲಿ ನಾವು ಹಾಡಿದ್ದೇನು, ಅನ್ಯಭಾಷೆಯಲ್ಲಿ ಪ್ರಾರ್ಥಿಸಿದ್ದೇನು! ಈ ದೇಶದ ಆತ್ಮಗಳನ್ನು ಕೊಡು ಕರ್ತನೇ ಅಂತ ಮೈಕ್ ಹಿಡಿದು ಕೂಗಿದವನು ನಾನೇ. ನನ್ನ ಬೆನ್ನ ಹಿಂದೆ, ಎರಡಡಿ ದೂರದಲ್ಲಿ ಸ್ಟಿಯರಿಂಗ್ ಹಿಡಿದಿದ್ದವರ ಹೆಸರು ನಾನು ಕೇಳಿರಲಿಲ್ಲ.

ಆ ಸಂಜೆ ಹೋಟೆಲಿನಲ್ಲಿ ಕೂತಾಗ ಗಾಜಿನಾಚೆ ಕಾಣಿಸ್ತು. ಅವರು ಬಂದರಿನ ಕಟ್ಟೆ ಮೇಲೆ ಒಬ್ಬರೇ ಕೂತು ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಿದ್ದರು. ಹೋಗಿ ಕರೀ ಅಂತ ಒಳಗಡೆ ಸ್ಪಷ್ಟವಾಗಿ ಪ್ರೇರಣೆ ಬಂತು. ನಾನು ಪಕ್ಕದವರಿಗೆ, "ಡ್ರೈವರ್ ಅಣ್ಣನ್ನ ಕರೆಯೋಣ್ವಾ?" ಅಂದೆ. ಅವರು, "ಅವರು ಮುಸ್ಲಿಂ ಅಲ್ವಾ ಪಾಸ್ಟ್ರೇ, ಅವರಿಗೆ ಅವರದ್ದೇ ಊಟ ಇರುತ್ತೆ" ಅಂದರು. ಮೀನು ತಿನ್ನೋಕೆ ಅವರಿಗೆ ಯಾವ ಅಡ್ಡಿಯೂ ಇಲ್ಲ ಅಂತ ನನಗೆ ಗೊತ್ತಿತ್ತು. ಆದರೂ ನನಗೆ ಒಂದು ನೆಪ ಸಿಕ್ಕಿತು. ಸಮಾಧಾನವೂ ಆಯಿತು, ಸುಳ್ಳು ಹೇಳಲ್ಲ. ನಾನು ಮೀನಿನ ಮುಳ್ಳು ಬಿಡಿಸುತ್ತಾ ಕೂತೆ. ಮೇಲಿನ ಓಣಿಯಲ್ಲಿ ಪೇತ್ರನ ದರ್ಶನದ ಮನೆ, ಕೆಳಗೆ ಅದೇ ದರ್ಶನಕ್ಕೆ ಅವಿಧೇಯನಾಗಿ ಕೂತ ಪಾಸ್ಟರ್.

ಮರುದಿನ ಕೈಸರೈಯಕ್ಕೆ ಹೋದೆವು. ಯೊಪ್ಪದಿಂದ ಉತ್ತರಕ್ಕೆ, ಸಮುದ್ರದ ಅಂಚಿನಲ್ಲೇ, 50 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಮಗೆ ಬಸ್ಸಿನಲ್ಲಿ ಒಂದು ಗಂಟೆ. ಪೇತ್ರ ಆರು ಜನ ಸಹೋದರರನ್ನು ಕರೆದುಕೊಂಡು ಹೊರಟು ಮಾರನೇ ದಿನ ತಲುಪಿದ. ಹೆರೋದ ಕಟ್ಟಿಸಿ ಚಕ್ರವರ್ತಿಯ ಹೆಸರಿಟ್ಟ ಪಟ್ಟಣ ಅದು. ಪೊಂತ್ಯ ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಸಿಕ್ಕಿದ್ದು ಅಲ್ಲೇ. ಅಂದರೆ ಯೇಸುವನ್ನು ಶಿಲುಬೆಗೆ ಹಾಕಿಸಿದ ರೋಮ್ ಸರ್ಕಾರದ ಊರು. ಕೊರ್ನೇಲ್ಯ ಅದೇ ಸೈನ್ಯದ ಶತಾಧಿಪತಿ. ಪೇತ್ರನಿಗೆ ಆ ಹೊಸ್ತಿಲು ಎಷ್ಟು ಎತ್ತರ ಇದ್ದಿರಬೇಕು ಯೋಚನೆ ಮಾಡಿ.

ಸಮುದ್ರ ದಡದಲ್ಲಿ ಎಲ್ಲರನ್ನೂ ಕೂರಿಸಿ ನಾನು ಅಧ್ಯಾಯ ಓದೋಕೆ ಶುರು ಮಾಡಿದೆ. ಪೇತ್ರ ಮಾತಾಡುತ್ತಿರುವಾಗಲೇ, ಪ್ರಸಂಗ ಮುಗಿಯೋ ಮೊದಲೇ, ಆ ಮನೆಯವರ ಮೇಲೆ ಪವಿತ್ರಾತ್ಮನು ಇಳಿದನು, ಅವರು ಅನ್ಯಭಾಷೆಗಳಲ್ಲಿ ದೇವರನ್ನು ಕೊಂಡಾಡಿದರು. ಹಲ್ಲೆಲೂಯಾ! ನಮ್ಮವರು ಕೈ ಎತ್ತಿ ಸ್ತೋತ್ರ ಮಾಡಿದರು. ನಾನು ಮುಂದೆ ಓದಿದೆ. 11ನೇ ಅಧ್ಯಾಯ, 3ನೇ ವಚನ. ಪೇತ್ರ ಯೆರೂಸಲೇಮಿಗೆ ವಾಪಸ್ ಬಂದಾಗ ಅಲ್ಲಿನ ವಿಶ್ವಾಸಿಗಳು ಅವನ ಮೇಲೆ ಹೊರಿಸಿದ ತಪ್ಪೇನು? ಅವರಿಗೆ ಯಾಕೆ ಸುವಾರ್ತೆ ಸಾರಿದೆ ಅಂತ ಕೇಳಲಿಲ್ಲ. ಯಾಕೆ ದೀಕ್ಷಾಸ್ನಾನ ಕೊಡಿಸಿದೆ ಅಂತಾನೂ ಕೇಳಲಿಲ್ಲ. ಅವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದೆಯಲ್ಲಾ ಅಂತ ಜಗಳ ತೆಗೆದರು.

ಊಟ! ನನ್ನ ಗಂಟಲು ಕಟ್ಟಿತು. ಬೇರೆ ಒಬ್ಬ ಸಹೋದರನ ಕೈಗೆ ಬೈಬಲ್ ಕೊಟ್ಟು ಬಸ್ಸಿನ ಕಡೆ ಹೋದೆ.

ಅವರು ಬಸ್ಸಿನ ಮೆಟ್ಟಿಲಿನ ಮೇಲೆ ಕೂತು ಅದೇ ಡಬ್ಬಿ ಬಿಚ್ಚಿದ್ದರು. ನಾನು ಹೋಗಿ ನನ್ನ ಹೆಸರು ಹೇಳಿ, ಅವರ ಹೆಸರು ಕೇಳಿದೆ. "ಐದು ದಿನ ಕೇಳದೇ ಇದ್ದದ್ದಕ್ಕೆ ಕ್ಷಮಿಸಿ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಮೆಟ್ಟಿಲಿನ ಮೇಲೆ ಜಾಗ ಮಾಡಿ, "ತಫದ್ದಲ್" ಅಂದರು. ಬನ್ನಿ, ತಗೊಳ್ಳಿ ಅಂತ ಅರ್ಥ. ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟರು. ನೀರು ಬಸಿದ ಗಟ್ಟಿ ಮೊಸರು, ಅದರ ಮೇಲೆ ಆಲಿವ್ ಎಣ್ಣೆ, ನಾಲ್ಕು ಆಲಿವ್, ಒಂದು ಸೌತೆಕಾಯಿ. ನಾನು ಕರೆಯದೇ ಹೋದವರು ನನ್ನನ್ನು ಕರೆದರು. ಆ ಪ್ರವಾಸದಲ್ಲಿ ನಾನು ಮಾಡಿದ ಪರಿಶುದ್ಧ ಊಟ ಅದೇ. ಅವತ್ತು ನಾನು ಅವರಿಗೆ ಪ್ರಸಂಗ ಮಾಡಲಿಲ್ಲ. ಮಾಡೋ ಯೋಗ್ಯತೆ ಇರಲಿಲ್ಲ. ಅವರ ಮಕ್ಕಳ ಬಗ್ಗೆ ಕೇಳಿದೆ, ನನ್ನ ಮಕ್ಕಳ ಫೋಟೋ ತೋರಿಸಿದೆ, ಅಷ್ಟೇ.

ಇಲ್ಲಿಗೆ ಮುಗಿದಿದ್ದರೆ ಇದೊಂದು ಒಳ್ಳೇ ಸಾಕ್ಷಿ. ಆದರೆ ಕರ್ತನು ನನ್ನನ್ನು ಬಿಡಲಿಲ್ಲ.

ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ, ಯೊರ್ದನಿನ ನೀರಿನ ಬಾಟಲಿಯನ್ನು ಅಡುಗೆಮನೆಯಲ್ಲಿ ಇಡೋಕೆ ಹೋದೆ. ಸಿಂಕ್ ಪಕ್ಕದ ಕಿಟಕಿ ಕಟ್ಟೆ ಮೇಲೆ ಒಂದು ಸ್ಟೀಲ್ ಲೋಟ, ಒಂದು ತಟ್ಟೆ. ನಮ್ಮ ಮನೆಗೆ ಒಂಬತ್ತು ವರ್ಷದಿಂದ ಕೆಲಸಕ್ಕೆ ಬರೋ ಅಕ್ಕನ ಲೋಟ, ತಟ್ಟೆ. ಬೇರೆ ಇಡಿ ಅಂತ ನಾನು ಹೇಳಿರಲಿಲ್ಲ, ನನ್ನ ಹೆಂಡತಿಯೂ ಹೇಳಿರಲಿಲ್ಲ. ನಮ್ಮ ಅಜ್ಜಿ ಮನೆಯಲ್ಲಿ ಹಾಗಿತ್ತು, ಅಮ್ಮನ ಮನೆಯಲ್ಲಿ ಹಾಗಿತ್ತು, ನಮ್ಮ ಮನೆಗೂ ಬಂತು. ಪ್ರತಿ ಬುಧವಾರ ಅದೇ ಮನೆಯಲ್ಲಿ ಉಪವಾಸ ಪ್ರಾರ್ಥನೆ. ಆ ಲೋಟ ಅಲ್ಲೇ ಇತ್ತು. ನಾವು ಕಂಡಿರಲಿಲ್ಲ.

ನಮ್ಮ ಹಳೇ ಕನ್ನಡ ಬೈಬಲಿನಲ್ಲಿ ಈ ಅಧ್ಯಾಯದಲ್ಲಿ ಅಶುದ್ಧ ಅನ್ನೋದಕ್ಕೆ ಇರೋ ಮಾತು ಗೊತ್ತಾ? ಹೊಲೆ. ಅದನ್ನು ಓದುವಾಗ ನನ್ನ ಕೈ ನಡುಗುತ್ತದೆ. ಯಾಕೆಂದರೆ ನಮ್ಮ ನಾಡಿನಲ್ಲಿ ಆ ಮಾತನ್ನು ಮನುಷ್ಯರ ಮೇಲೆ ಎಸೆದಿದ್ದಾರೆ. ಇಲ್ಲಿ ಕೂತಿರೋ ನಿಮ್ಮಲ್ಲಿ ಕೆಲವರ ಅಜ್ಜ, ಅಜ್ಜಿ ಅದನ್ನು ಮುಖದ ಮೇಲೆ ಕೇಳಿಸಿಕೊಂಡವರು. 28ನೇ ವಚನದಲ್ಲಿ ಪೇತ್ರ ದರ್ಶನದ ಅರ್ಥ ಹೇಳ್ತಾನೆ. ಯಾವ ಮನುಷ್ಯನನ್ನೂ ಹಾಗೆ ಕರೆಯಬಾರದು ಅಂತ ದೇವರು ನನಗೆ ತೋರಿಸಿಕೊಟ್ಟಿದ್ದಾನೆ ಅಂತ. ದುಪ್ಪಟಿ ಇಳಿದದ್ದು ಬರೀ ಊಟದ ಮೆನು ಬದಲಾಯಿಸೋಕೆ ಅಲ್ಲ. ಮನುಷ್ಯರಿಗೋಸ್ಕರ. ಕೊರ್ನೇಲ್ಯನ ಹಾಗೆ ನಾನೂ ನೀವೂ ಅನ್ಯಜನರೇ. ಆ ದುಪ್ಪಟಿಯಲ್ಲಿ ಇದ್ದದ್ದು ನಾವು! ನಮ್ಮನ್ನು ದೇವರು ಎತ್ತಿಕೊಂಡಿಲ್ಲದಿದ್ದರೆ ಇವತ್ತು ಇಲ್ಲಿ ಕೂತು ಹಾಡೋಕೆ ಬಾಯಿ ಎಲ್ಲಿರುತ್ತಿತ್ತು?

ನಾವಿಬ್ಬರೂ ಆ ಅಕ್ಕನ ಹತ್ತಿರ ಕ್ಷಮೆ ಕೇಳಿದೆವು. ಮೇಜಿಗೆ ಬನ್ನಿ, ಜೊತೆಯಲ್ಲಿ ಕಾಫಿ ಕುಡಿಯೋಣ ಅಂದೆವು. ಅವರು ಬಂದು ನಮ್ಮನ್ನು ತಬ್ಬಿಕೊಂಡು ಅತ್ತರು ಅಂತ ಹೇಳಿದರೆ ನಿಮಗೆ ಖುಷಿ ಆಗುತ್ತೆ. ಹಾಗೆ ಆಗಲಿಲ್ಲ. "ಬ್ಯಾಡ ಪಾಸ್ಟ್ರೇ, ನಂಗೆ ಇಲ್ಲೇ ಸರಿ" ಅಂತ ಸಿಂಕ್ ಹತ್ತಿರಾನೇ ನಿಂತರು. ಆ ಲೋಟವನ್ನು ನಾವು ಎಲ್ಲಾ ಲೋಟದ ಜೊತೆ ಸೇರಿಸಿದೆವು. ನನ್ನ ಹೆಂಡತಿ ದಿನಾ ಕರೆದಳು. ಮೂರು ತಿಂಗಳಾದ ಮೇಲೆ ಒಂದು ದಿನ ಕುರ್ಚಿಯ ತುದಿಯಲ್ಲಿ ಕೂತರು. ಇವತ್ತಿಗೂ ಕೆಲವು ದಿನ ನಿಂತೇ ಕುಡೀತಾರೆ. ಗೋಡೆ ಕಟ್ಟಿದವರು ಅದನ್ನು ಒಂದೇ ದಿನದಲ್ಲಿ ಕೆಡವಿಬಿಟ್ಟೆವು ಅಂದುಕೊಳ್ಳಬಹುದು. ಗೋಡೆಯ ಆಚೆ ನಿಂತವರಿಗೆ ಅದು ಬಿದ್ದಿದೆ ಅಂತ ನಂಬೋಕೆ ವರ್ಷಗಳು ಬೇಕು. ಅವರಿಗೆ ಅವಸರ ಮಾಡೋ ಹಕ್ಕು ನಮಗಿಲ್ಲ.

ನೀವು ಹೇಳಬಹುದು, ಪಾಸ್ಟ್ರೇ, ನಾವು ಐಟಿ ಜನ, ಪಿಜಿಯಲ್ಲಿ ಇರ್ತೀವಿ, ನಮ್ಮಲ್ಲಿ ಇದೆಲ್ಲಾ ಇಲ್ಲ. ಹೌದಾ? ಹೋದ ತಿಂಗಳು ನಮ್ಮ ಪ್ರೀತಿಭೋಜನದ ದಿನ ಈಶಾನ್ಯ ರಾಜ್ಯದಿಂದ ಬಂದ ತಮ್ಮಂದಿರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಣಮೀನು ಹಾಕಿ ಅಡುಗೆ ಮಾಡಿ ತಂದಿದ್ದರು. ಬಿರಿಯಾನಿ ಪಾತ್ರೆ ಖಾಲಿ ಆಯಿತು. ಅವರ ಪಾತ್ರೆ ತುಂಬಿದ ಹಾಗೇ ವಾಪಸ್ ಹೋಯಿತು. ಮೂಗು ಮುಚ್ಚಿಕೊಂಡು ನಕ್ಕವರು ಯಾರು ಅಂತ ನಾನು ಕೇಳಲ್ಲ. ಪಾತ್ರೆ ಎತ್ತಿಕೊಂಡು ಹೋದ ಆ ತಮ್ಮನ ಮುಖ ನಾನು ನೋಡಿದೆ.

ಇನ್ನೊಂದು ಕಠಿಣವಾದ ಮಾತು. ಮದುವೆ ವಿಷಯ ಬಂದಾಗ ಮೊದಲ ಪ್ರಶ್ನೆ, ರಕ್ಷಣೆ ಹೊಂದಿದ್ದಾರಾ? ಎರಡನೇ ಪ್ರಶ್ನೆ, ದೀಕ್ಷಾಸ್ನಾನ ಆಗಿದೆಯಾ? ಮೂರನೇ ಪ್ರಶ್ನೆ ಸ್ವರ ತಗ್ಗಿಸಿ ಕೇಳ್ತಾರೆ, "ಯಾವ ಜನ?" ಅಪ್ಪ ಅಮ್ಮ ಕೇಳ್ತಾರೆ ಅಂತ ನೀವು ಅವರ ಹಿಂದೆ ಬಚ್ಚಿಟ್ಟುಕೊಳ್ಳಬೇಡಿ. ಅವರನ್ನು ಗೌರವಿಸಿ, ಏರುದನಿ ಬೇಡ. ಆದರೆ ಅಪ್ಪಾ, ಈ ಮೂರನೇ ಪ್ರಶ್ನೆಯನ್ನು ಶಿಲುಬೆಯ ಹತ್ತಿರ ಬಿಟ್ಟುಬಿಡೋಣ ಅಂತ ಹೇಳೋ ಧೈರ್ಯ ನಿಮಗೆ ಬರಲಿ.

ಬರಲಿ ಅಂತ ಯಾಕೆ ಹೇಳ್ತೀನಿ ಅಂದರೆ ಇದು ಒಂದು ಸಾರಿ ಗೆದ್ದು ಮುಗಿಯೋ ಯುದ್ಧ ಅಲ್ಲ. ಗಲಾತ್ಯದವರಿಗೆ ಬರೆದ ಪತ್ರ 2ನೇ ಅಧ್ಯಾಯ ನೋಡಿ. ಇದೇ ಪೇತ್ರ, ಇಷ್ಟೆಲ್ಲಾ ಆದ ಮೇಲೆ, ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಊಟ ಮಾಡ್ತಿದ್ದವನು, ಕೆಲವರು ಬಂದರು ಅಂತ ಮೆಲ್ಲಗೆ ಮೇಜು ಬಿಟ್ಟು ಎದ್ದ. ಕಾರಣ ಏನು? ಭಯ. ನನ್ನವರು ಏನಂದುಕೊಳ್ತಾರೋ ಅನ್ನೋ ಭಯ. ಯೊಪ್ಪದ ಹೋಟೆಲಿನಲ್ಲಿ ನನ್ನನ್ನು ಕುರ್ಚಿಗೆ ಕಟ್ಟಿಹಾಕಿದ್ದೂ ಅದೇ ಭಯ. ಪೌಲ ಅದನ್ನು ಊಟದ ಶಿಷ್ಟಾಚಾರ ಅಂತ ಬಿಡಲಿಲ್ಲ, ಸುವಾರ್ತೆಯ ಸತ್ಯದ ಪ್ರಶ್ನೆ ಅಂತ ಎಲ್ಲರ ಮುಂದೆ ಹೇಳಿದ.

ನಾವು ಅನ್ಯಭಾಷೆಯಲ್ಲಿ ಮಾತಾಡೋ ನಾಲಿಗೆಯನ್ನು ಕರ್ತನಿಗೆ ಕೊಟ್ಟಿದ್ದೀವಿ. ರುಚಿ ನೋಡೋ ನಾಲಿಗೆಯೂ ಅದೇ ತಾನೇ? ಅದನ್ನೂ ಕೊಡೋಣ. ಈ ವಾರ ಒಂದು ಕೆಲಸ ಮಾಡಿ. ನೀವು ಇದುವರೆಗೆ ಜೊತೆಯಲ್ಲಿ ಕೂತು ಉಣ್ಣದ ಒಬ್ಬರ ಹೆಸರು ಕೇಳಿ. ಆಫೀಸಿನ ಹೌಸ್‌ಕೀಪಿಂಗ್ ಅಕ್ಕ, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಅಣ್ಣ, ಪಕ್ಕದ ರೂಮಿನವರು. ಅವರನ್ನು ಕರೆಯಿರಿ. ಅವರು ಕರೆದರೆ ಹೋಗಿ, ಅವರು ಬಡಿಸಿದ್ದನ್ನು ಉಣ್ಣಿ. ಸುವಾರ್ತೆಗೆ ಬಲೆ ಬೀಸೋಕೆ ಅಂತ ಅಲ್ಲ. ಜೊತೆಗೆ ಉಣ್ಣೋಕೆ.

ಕೊನೇ ಮಾತು. ಯೋಹಾನ 21. ಇನ್ನೊಂದು ನೀರಿನ ದಡ, ಗಲಿಲಾಯದ್ದು. ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಅಡುಗೆ ಮಾಡಿದವನು ಎದ್ದು ಬಂದ ಕರ್ತನು. ಊಟಕ್ಕೆ ಕರೆದದ್ದು ಯಾರನ್ನು? ಮೂರು ಸಾರಿ ನಾನು ಅವನನ್ನು ಅರಿಯೆ ಅಂದ ಪೇತ್ರನನ್ನು. ಪೇತ್ರ ಮೊದಲು ಶುದ್ಧ ಆಗಲಿ, ಆಮೇಲೆ ತಿಂಡಿ ಅಂತ ಯೇಸು ಕಾಯಲಿಲ್ಲ. ಮೊದಲು ಊಟ ಕೊಟ್ಟು, ಆಮೇಲೆ ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿದ. ಅಂಥ ಮೇಜಿನಲ್ಲಿ ಉಂಡವರು ನಾವು.

ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ. ಯಾರದೋ ಮುಖ ನಿಮ್ಮ ಮನಸ್ಸಿಗೆ ಬರ್ತಿದ್ದರೆ ಅದನ್ನು ಒರೆಸಿಹಾಕಬೇಡಿ, ಅದು ಪವಿತ್ರಾತ್ಮನ ಕೆಲಸ. ಪ್ರಾರ್ಥಿಸೋಣ.

ತಂದೆಯೇ, ದೂರ ಇದ್ದ ನಮ್ಮನ್ನು ನಿನ್ನ ಮೇಜಿಗೆ ಕರೆದದ್ದಕ್ಕಾಗಿ ಸ್ತೋತ್ರ. ನಾವು ಬೇರೆ ಇಟ್ಟ ಲೋಟಗಳನ್ನು, ಮುಟ್ಟದೇ ಬಿಟ್ಟ ಪಾತ್ರೆಗಳನ್ನು, ಕೇಳದೇ ಹೋದ ಹೆಸರುಗಳನ್ನು ನೀನು ಬಲ್ಲೆ. ನಮ್ಮನ್ನು ಕ್ಷಮಿಸು. ನಮ್ಮಿಂದ ನೊಂದವರನ್ನು ನೀನೇ ಸಂತೈಸು. ನಮ್ಮವರ ಭಯದಿಂದ ನಮ್ಮನ್ನು ಬಿಡಿಸು. ಪವಿತ್ರಾತ್ಮನೇ, ನಮ್ಮ ಮನೆಗಳ ಮೇಲೆ, ನಮ್ಮ ಅಡುಗೆಮನೆಗಳ ಮೇಲೂ ಇಳಿದು ಬಾ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್.

ಕೆಳಗೆ ಹಾಲಿನಲ್ಲಿ ಊಟ ಇದೆ. ಇವತ್ತು ಆ ತಮ್ಮಂದಿರನ್ನು ಮತ್ತೆ ಅಡುಗೆ ಮಾಡಿ ತನ್ನಿ ಅಂತ ನಾನೇ ಕೇಳಿಕೊಂಡಿದ್ದೆ. ಒಣಮೀನಿನ ಪಾತ್ರೆ ಮೊದಲ ಮೇಜಿನ ಮೇಲಿದೆ. ನನಗೂ ಸ್ವಲ್ಪ ಉಳಿಸಿ.